ಜಡ್ಜ್ ಭಾಷಣದಲ್ಲಿ ಹೇಳಿದ್ದೆಲ್ಲ ಕಾನೂನಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರದ ಎಪಿಸೋಡ್‌ಗೆ ಕಾರಣ 40 ಸೆಕೆಂಡಿನ ಒಂದು ವಿಡಿಯೋ ಕ್ಲಿಪ್. ನಮ್ಮ ಕೇಳುಗರೊಬ್ಬರು ಅದನ್ನು ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದರು: "ಮನೆಯೊಳಗೆ ಹೊಡೆದಾಡಿದರೆ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತೆ, ನಿಜಾನಾ?" ಅವರ ಹೆಸರು, ಊರು ಹೇಳೋದಿಲ್ಲ. ಆದರೆ ಆ ಪ್ರಶ್ನೆ ಜನರಲ್ ನಾಲೆಡ್ಜ್‌ಗೆ ಕೇಳಿದ್ದಲ್ಲ ಅನ್ನೋದು ಓದಿದ ಕೂಡಲೇ ಗೊತ್ತಾಗುತ್ತಿತ್ತು.

ಮೊದಲು ಉತ್ತರ ಕೊಟ್ಟುಬಿಡ್ತೀನಿ, ಆಮೇಲೆ ಕಥೆ. ಸುಳ್ಳು. ಸುಪ್ರೀಂ ಕೋರ್ಟ್ ಹಾಗೆ ಹೇಳಿಲ್ಲ. ಮನೆಯೊಳಗೆ ಹೊಡೆದರೂ ಹೊಡೆತ ಹೊಡೆತವೇ, ಅದಕ್ಕೆ ಕೇಸ್ ಇದೆ. ಗಂಡ ಅಥವಾ ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ 498ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಇದೆ. ಇದಲ್ಲದೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರಡಿ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಿದರೆ, ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆಗೆ ದಿನಾಂಕ ಕೊಡಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸೋಕೆ ಪ್ರಯತ್ನ ಮಾಡಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಮನೆ ಯಾರ ಹೆಸರಲ್ಲೇ ಇರಲಿ, ಒಟ್ಟಿಗೆ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕು ಹೆಣ್ಣುಮಗಳಿಗೆ ಇದೆ. ಕರ್ನಾಟಕದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಇದಕ್ಕೆ ಸಂರಕ್ಷಣಾಧಿಕಾರಿಯೂ ಹೌದು. ಸಹಾಯವಾಣಿ 181. ಇಷ್ಟನ್ನು ಆ ಕೇಳುಗರಿಗೆ ಆವತ್ತೇ ಕಳಿಸಿದೆ.

ಈಗ ಕ್ಲಿಪ್ ವಿಚಾರ. ಅದು ಎಡಿಟ್ ಮಾಡಿದ ಸುಳ್ಳು ವಿಡಿಯೋ ಅಲ್ಲ. ಮಾತಾಡುತ್ತಿದ್ದವರು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಆದರೆ ಅವರು ಕೋರ್ಟಿನಲ್ಲಿ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ವೇದಿಕೆ ಮೇಲೆ, ದಿವಂಗತ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಅವರ ಜನ್ಮಶತಮಾನೋತ್ಸವದ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. ಫಾರ್ವರ್ಡ್ ಮಾಡಿದವರು ಒಂದು ಉದಾಹರಣೆಯ ಅರ್ಧ ಕತ್ತರಿಸಿ, ಮೇಲೆ "ಸುಪ್ರೀಂ ಕೋರ್ಟ್ ತೀರ್ಪು" ಅಂತ ಕೆಂಪಕ್ಷರದಲ್ಲಿ ಅಂಟಿಸಿದ್ದರು.

ಅವರು ನಿಜವಾಗಿ ಹೇಳಿದ್ದೇನು ಗೊತ್ತಾ? ಐಪಿಸಿಯಲ್ಲಿ 'ಅಫ್ರೇ' ಅಂತ ಒಂದು ಅಪರಾಧ ಇತ್ತು. ಕನ್ನಡದಲ್ಲಿ ಬೀದಿ ಹೊಡೆದಾಟ ಅನ್ನಿ. ಇಬ್ಬರೋ ಅದಕ್ಕಿಂತ ಹೆಚ್ಚು ಜನರೋ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕೆಡಿಸಿದರೆ ಒಂದು ತಿಂಗಳವರೆಗೆ ಜೈಲು, ಇಲ್ಲವೇ 100 ರೂಪಾಯಿವರೆಗೆ ದಂಡ. ಈಗ ನ್ಯಾಯ ಸಂಹಿತೆಯ 194ನೇ ಸೆಕ್ಷನ್‌ನಲ್ಲೂ ಅದೇ ಇದೆ, ದಂಡ ಮಾತ್ರ 1,000 ರೂಪಾಯಿ ಆಗಿದೆ. ಅದೇ ಇಬ್ಬರು ಅದೇ ಥರ ನಾಲ್ಕು ಗೋಡೆಯೊಳಗೆ ಹೊಡೆದಾಡಿದರೆ ಈ ಸೆಕ್ಷನ್ ತಾಗಲ್ಲ. ಅಂದರೆ ಇಲ್ಲಿ ಕಾನೂನು ಕೇಳುತ್ತಿರೋದು 'ಏನಾಯ್ತು' ಅಂತ ಅಷ್ಟೇ ಅಲ್ಲ, 'ಎಲ್ಲಾಯ್ತು' ಅಂತ. ಚಂದ್ರಚೂಡ್ ಅದನ್ನು ತಗೊಂಡು ಹೇಳಿದ್ದು: ಹೊರಗೆ ಒಂದು ನ್ಯಾಯ, ಹೊಸ್ತಿಲ ಒಳಗೆ ಒಂದು ನ್ಯಾಯ ಅನ್ನೋ ಈ ಗೆರೆಯನ್ನೇ ಪ್ರಶ್ನೆ ಮಾಡಬೇಕು, ಸಮಾನತೆ ಮನೆಬಾಗಿಲಲ್ಲಿ ನಿಲ್ಲಬಾರದು ಅಂತ. ಫಾರ್ವರ್ಡ್ ಹೇಳಿದ್ದಕ್ಕೆ ನೇರ ಉಲ್ಟಾ.

ಹಾಗಾದರೆ ಈ ಉಪನ್ಯಾಸ ಅನ್ನೋದು ಏನು? ಜಡ್ಜ್‌ಗಳು ಯಾಕೆ ಕೊಡ್ತಾರೆ? ಅವರು ಅಲ್ಲಿ ಹೇಳಿದ್ದಕ್ಕೆ ಕಾನೂನಿನ ಬೆಲೆ ಎಷ್ಟು? ನಾನು ಬಿ.ಕಾಂ ಓದಿದವನು, ಲಾ ಓದಿಲ್ಲ. ಓದದವರಿಗೆ ಅರ್ಥ ಆಗೋ ಹಾಗೆ ಹೇಳೋಕೆ ಅದೇ ಒಂದು ಅನುಕೂಲ ಅಂದುಕೊಂಡಿದ್ದೀನಿ.

ನಮ್ಮಲ್ಲಿ ಒಬ್ಬ ಒಳ್ಳೆ ಜಡ್ಜ್ ತೀರಿಕೊಂಡರೆ, ಮನೆಯವರು, ಜೂನಿಯರ್‌ಗಳು, ಸ್ನೇಹಿತರು ಸೇರಿ ಅವರ ಹೆಸರಲ್ಲಿ ಒಂದು ಟ್ರಸ್ಟ್ ಮಾಡಿ ವರ್ಷಕ್ಕೊಮ್ಮೆ ಉಪನ್ಯಾಸ ಇಡಿಸೋದು ಹಳೇ ಪದ್ಧತಿ. ವಕೀಲರು, ಲಾ ಸ್ಟೂಡೆಂಟ್‌ಗಳು ಬಂದು ಕೂರ್ತಾರೆ. ದೆಹಲಿ ಹೈಕೋರ್ಟ್ ಜಡ್ಜ್ ಆಗಿದ್ದ ಸುನಂದಾ ಭಂಡಾರೆ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಫೌಂಡೇಷನ್ ಉಪನ್ಯಾಸ ನಡೆಸಿಕೊಂಡು ಬಂತು, ಅಷ್ಟಕ್ಕೇ ನಿಲ್ಲದೆ 1998ರಲ್ಲಿ ಸುಪ್ರೀಂ ಕೋರ್ಟಿಗೇ ಹೋಯಿತು. ಅಂಗವಿಕಲರ ಕಾಯ್ದೆ 1995ರಲ್ಲಿ ಬಂದಿದೆ, ದೃಷ್ಟಿ ಇಲ್ಲದವರಿಗೆ ಕಾಲೇಜು ಅಧ್ಯಾಪಕರ ಹುದ್ದೆಯಲ್ಲಿ ಮೀಸಲಾತಿ ಎಲ್ಲಿ ಅಂತ ಕೇಳಿತು. 2014ರ ಮಾರ್ಚ್‌ನಲ್ಲಿ ತೀರ್ಪು ಬಂತು: ಕಾಯ್ದೆ ಕಾಗದದ ಮೇಲೇ ಇರಬಾರದು, ಆ ವರ್ಷದ ಕೊನೆಯೊಳಗೆ ಜಾರಿ ಮಾಡಿ ಅಂತ. 16 ವರ್ಷ ಬೇಕಾಯ್ತು, ಅದು ಬೇರೆ ಮಾತು. ಆದರೂ ನೆನಪಿಗಾಗಿ ಹುಟ್ಟಿದ ಒಂದು ಸಂಸ್ಥೆ ಇಷ್ಟು ಮಾಡಿದ್ದು ದೊಡ್ಡದು.

ಇನ್ನೊಂದು ಅಹಮದಾಬಾದಿನದು. ಹಿಮಾಚಲ, ಕಲ್ಕತ್ತಾ, ಬಾಂಬೆ ಹೀಗೆ ಮೂರು ಹೈಕೋರ್ಟ್‌ಗಳಿಗೆ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪಿ.ಡಿ. ದೇಸಾಯಿ ಅವರ ಹೆಸರಿನ ಉಪನ್ಯಾಸ. ಈ ಸರಣಿಯ ಎರಡು ಭಾಷಣ ದೇಶವೆಲ್ಲ ಸುದ್ದಿ ಆದವು. 2020ರ ಫೆಬ್ರುವರಿಯಲ್ಲಿ ಚಂದ್ರಚೂಡ್ ಅಲ್ಲಿ ಮಾತಾಡಿ, ಭಿನ್ನಾಭಿಪ್ರಾಯ ಪ್ರಜಾಪ್ರಭುತ್ವದ ಸೇಫ್ಟಿ ವಾಲ್ವ್ ಅಂದರು, ಬೇರೆ ಮಾತಾಡಿದವರಿಗೆಲ್ಲ ದೇಶದ್ರೋಹಿ ಪಟ್ಟಿ ಅಂಟಿಸೋದು ತಪ್ಪು ಅಂದರು. ಸಿಎಎ ಪ್ರತಿಭಟನೆ ಬಿಸಿ ಇದ್ದ ತಿಂಗಳದು. 2021ರ ಜೂನ್ 30ರಂದು, ಕೋವಿಡ್ ಕಾಲ, ಆನ್‌ಲೈನಲ್ಲೇ, ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ 17ನೇ ಉಪನ್ಯಾಸ ಕೊಟ್ಟರು. 17 ಲೋಕಸಭಾ ಚುನಾವಣೆಯಲ್ಲಿ ಜನ 8 ಸಲ ಆಳುವ ಪಕ್ಷವನ್ನೋ ಕೂಟವನ್ನೋ ಬದಲಾಯಿಸಿದ್ದಾರೆ, ಆದರೆ ಐದು ವರ್ಷಕ್ಕೊಮ್ಮೆ ಆಳುವವರನ್ನು ಬದಲಿಸುವ ಹಕ್ಕೊಂದೇ ದಬ್ಬಾಳಿಕೆ ತಡೆಯುತ್ತೆ ಅಂತ ಗ್ಯಾರಂಟಿ ಇಲ್ಲ ಅಂದರು. ಕಾನೂನು ಜನಕ್ಕೆ ಅರ್ಥ ಆಗೋ ಭಾಷೆಯಲ್ಲಿ ಇರಬೇಕು ಅಂತಾನೂ ಹೇಳಿದರು. ಆ ಮಾತನ್ನು ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಸುಮ್ನೆ ಹೇಳಿದೆ.

ಜಡ್ಜ್‌ಗಳು ಇದನ್ನೆಲ್ಲ ಉಪನ್ಯಾಸದಲ್ಲೇ ಯಾಕೆ ಹೇಳ್ತಾರೆ ಅನ್ನೋದಕ್ಕೆ ಒಂದು ಕಾರಣ ಇದೆ. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ಎಲ್ಲ ಜಡ್ಜ್‌ಗಳು ಸೇರಿ ತಮಗೆ ತಾವೇ 16 ಅಂಶದ ಒಂದು ನಡತೆ ಸಂಹಿತೆ ಒಪ್ಪಿಕೊಂಡರು. ಅದರ ಪ್ರಕಾರ ರಾಜಕೀಯ ವಿಷಯದ ಬಗ್ಗೆ, ಕೋರ್ಟಿನಲ್ಲಿ ಇರುವ ಅಥವಾ ಬರಬಹುದಾದ ಕೇಸ್ ಬಗ್ಗೆ ಸಾರ್ವಜನಿಕವಾಗಿ ಅಭಿಪ್ರಾಯ ಹೇಳಬಾರದು. ಮೀಡಿಯಾಗೆ ಸಂದರ್ಶನ ಕೊಡಬಾರದು. ತೀರ್ಪೇ ಮಾತಾಡಬೇಕು. ಅಂದರೆ ಒಬ್ಬ ಜಡ್ಜ್ ನಿಮ್ಮ ನನ್ನ ಥರ ಪಾಡ್‌ಕಾಸ್ಟ್‌ಗೆ ಬರೋ ಹಾಗಿಲ್ಲ, ಟ್ವೀಟ್ ಮಾಡಿ ಜಗಳ ಆಡೋ ಹಾಗಿಲ್ಲ. ಒಂದು ಯೋಚನೆಯನ್ನು ಯಾವ ಕೇಸಿನ ಹಂಗೂ ಇಲ್ಲದೆ ಮುಕ್ಕಾಲು ಗಂಟೆ ಹೇಳೋಕೆ ಅವರಿಗೆ ಉಳಿದಿರುವ ಮರ್ಯಾದಸ್ಥ ಜಾಗ ಅಂದರೆ ಈ ಥರದ ವೇದಿಕೆ. ಹೆಸರು ಹೇಳದೆ, ಕೇಸ್ ಹೇಳದೆ, ತತ್ವದ ಮಟ್ಟದಲ್ಲಿ ಮಾತಾಡ್ತಾರೆ. ಅರ್ಥ ಆಗಬೇಕಾದವರಿಗೆ ಅರ್ಥ ಆಗುತ್ತೆ.

ಬೆಲೆ ಎಷ್ಟು ಅಂದರೆ, ಕಾನೂನಿನ ಲೆಕ್ಕದಲ್ಲಿ ಸೊನ್ನೆ. ಸಂವಿಧಾನದ 141ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ದೇಶದ ಎಲ್ಲ ಕೋರ್ಟ್‌ಗಳಿಗೂ ಕಡ್ಡಾಯ. ಕೋರ್ಟ್ ಘೋಷಿಸಿದ್ದು, ಜಡ್ಜ್ ಹೇಳಿದ್ದಲ್ಲ. ವಿಚಾರಣೆ ಮಧ್ಯೆ ಜಡ್ಜ್ ಬಾಯಿಂದ ಬಂದ ಮಾತು ಕೂಡ ಕಾನೂನಲ್ಲ. ಸಹಿ ಮಾಡಿದ ತೀರ್ಪಿನಲ್ಲೂ ಪ್ರತಿ ಸಾಲು ಕಡ್ಡಾಯ ಅಲ್ಲ, ಆ ಕೇಸ್ ಇತ್ಯರ್ಥಕ್ಕೆ ಆಧಾರವಾದ ತರ್ಕ ಮಾತ್ರ ಕಡ್ಡಾಯ. ಇನ್ನು ಭಾಷಣ ಎಲ್ಲಿಂದ ಬಂತು? ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ತೀರ್ಪು ಅಂದರೆ ಚೆಕ್, ಉಪನ್ಯಾಸ ಅಂದರೆ "ಮುಂದೆ ನೋಡೋಣ" ಅನ್ನೋ ಮಾತು. ಆ ಮಾತನ್ನು ಬ್ಯಾಂಕಿನವರು ತಗೊಳಲ್ಲ.

ಆದರೂ ನಾನು ಈ ಮಾತುಗಳನ್ನು ಕಿವಿಗೊಟ್ಟು ಕೇಳ್ತೀನಿ, ಯಾಕೆಂದರೆ ಅವು ಎಲ್ಲೋ ತೀರ್ಪಿಗೆ ಅಂಟಿಕೊಂಡಿರ್ತವೆ. ಆ ಸೇಫ್ಟಿ ವಾಲ್ವ್ ಮಾತನ್ನೇ ನೋಡಿ. 2018ರ ಆಗಸ್ಟ್‌ನಲ್ಲಿ ಐವರು ಹೋರಾಟಗಾರರ ಬಂಧನದ ಕೇಸಿನಲ್ಲಿ ಚಂದ್ರಚೂಡ್ ಕೋರ್ಟಿನಲ್ಲಿ ಅದನ್ನು ಹೇಳಿದ್ದರು, ವಾಲ್ವ್ ಮುಚ್ಚಿದರೆ ಕುಕ್ಕರ್ ಸಿಡಿಯುತ್ತೆ ಅಂತ. ಸೆಪ್ಟೆಂಬರ್ 28ಕ್ಕೆ ತೀರ್ಪು ಬಂದಾಗ ಅವರು ಮೂವರಲ್ಲಿ ಒಬ್ಬರಾಗಿ ಉಳಿದರು, ಅವರದ್ದು ಭಿನ್ನ ತೀರ್ಪು. ಕೋರ್ಟಿನಲ್ಲಿ ಸೋತ ವಿಚಾರವನ್ನೇ ಒಂದೂವರೆ ವರ್ಷದ ಮೇಲೆ ಅಹಮದಾಬಾದಿನ ವೇದಿಕೆಗೆ ತಂದರು. ಸೋತ ವಾದಕ್ಕೆ ಇನ್ನೊಂದು ಸಲ ಮೈಕ್ ಸಿಗೋದು ಇಲ್ಲೇ.

ಬೆಂಗಳೂರಿನ ಭಾಷಣದಲ್ಲಿ ಮನೆಗೆಲಸದ ಮಾತೂ ಬಂತು. ಮನೆ ಅನ್ನೋದು ಗೃಹಿಣಿಗೆ ದುಡಿಮೆಯ ಜಾಗವೂ ಹೌದು, ಆದರೆ ಸಂಬಳ ಇಲ್ಲ ಅಂತ. ನಮಗೆ ಎಕನಾಮಿಕ್ಸ್ ಕ್ಲಾಸಿನಲ್ಲಿ ಜಿಡಿಪಿ ಹೇಳಿಕೊಡುವಾಗ ಇದನ್ನು ಒಂದು ಜೋಕ್ ಥರ ಹೇಳ್ತಿದ್ದರು: ಅಡುಗೆಯವಳನ್ನು ಮದುವೆ ಆದರೆ ದೇಶದ ಆದಾಯ ಕಮ್ಮಿ ಆಗುತ್ತೆ, ಯಾಕಂದ್ರೆ ಆಮೇಲೆ ಸಂಬಳ ಕೊಡೋ ಹಾಗಿಲ್ಲ. ಕ್ಲಾಸೆಲ್ಲ ನಗ್ತಿತ್ತು. 2021ರ ಜನವರಿಯಲ್ಲಿ ಇದು ಜೋಕ್ ಆಗಿ ಉಳೀಲಿಲ್ಲ. ದೆಹಲಿಯಲ್ಲಿ ಅಪಘಾತದಲ್ಲಿ ತೀರಿಕೊಂಡ ಗಂಡ ಹೆಂಡತಿಯ ವಿಮಾ ಪರಿಹಾರದ ಕೇಸಿನಲ್ಲಿ, ಹೆಂಡತಿಯ ಮನೆಗೆಲಸಕ್ಕೂ ಆದಾಯದ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ರಮಣ ಅವರು ಪ್ರತ್ಯೇಕವಾಗಿ ಬರೆದು, 2019ರ ಸಮಯ ಬಳಕೆ ಸಮೀಕ್ಷೆಯ ಅಂಕಿ ಕೊಟ್ಟರು: ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಇದು ತೀರ್ಪು. ಅಪಘಾತ ಪರಿಹಾರದ ಕೇಸಿನಲ್ಲಿ ನಿಮ್ಮ ವಕೀಲರು ಇದನ್ನು ಎತ್ತಿ ತೋರಿಸಬಹುದು. ಭಾಷಣವನ್ನು ತೋರಿಸೋಕೆ ಆಗಲ್ಲ.

ಈಗ ಯಾರ ಹೆಸರಲ್ಲಿ ಆ ಉಪನ್ಯಾಸ ನಡೆಯಿತೋ ಅವರ ಕಥೆ. ನನ್ನ ದೂರು ಏನೆಂದರೆ, ಸ್ಮಾರಕ ಉಪನ್ಯಾಸದ ಸುದ್ದಿಯಲ್ಲಿ ಸ್ಮಾರಕ ಯಾರದ್ದು ಅನ್ನೋದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತೆ.

ಇ.ಎಸ್. ವೆಂಕಟರಾಮಯ್ಯ ಅಂದರೆ ಇಂಗಲಗುಪ್ಪೆ ಸೀತಾರಾಮಯ್ಯ ವೆಂಕಟರಾಮಯ್ಯ. ಇಂಗಲಗುಪ್ಪೆ ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಊರು. ಹುಟ್ಟಿದ್ದು 1924ರ ಡಿಸೆಂಬರ್ 18. 1970ರಲ್ಲಿ ಹೈಕೋರ್ಟ್ ಜಡ್ಜ್, 1979ರಲ್ಲಿ ಸುಪ್ರೀಂ ಕೋರ್ಟ್, 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ. ಕರ್ನಾಟಕದಿಂದ ಆ ಕುರ್ಚಿಗೆ ಹೋದ ಮೊದಲಿಗರು. 1997ರಲ್ಲಿ ತೀರಿಕೊಂಡರು. ಈಗ ಸುಪ್ರೀಂ ಕೋರ್ಟಿನಲ್ಲಿರುವ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇವರ ಮಗಳು. ಸೇವಾ ಹಿರಿತನದ ಲೆಕ್ಕ ಹೀಗೇ ನಡೆದರೆ 2027ರಲ್ಲಿ ಅವರು ಸುಮಾರು ಒಂದು ತಿಂಗಳು ಮುಖ್ಯ ನ್ಯಾಯಮೂರ್ತಿ ಆಗ್ತಾರೆ, ಮೊದಲ ಮಹಿಳೆ. ಉಪನ್ಯಾಸ ಕೊಟ್ಟ ಚಂದ್ರಚೂಡ್ ಅವರ ತಂದೆಯೂ ಮುಖ್ಯ ನ್ಯಾಯಮೂರ್ತಿ ಆಗಿದ್ದವರೇ. ಅಪ್ಪ 1985ರಲ್ಲಿ ಸರಿ ಅಂದಿದ್ದ ವ್ಯಭಿಚಾರದ ಸೆಕ್ಷನ್ ಅನ್ನು 2018ರಲ್ಲಿ ಹೊಡೆದುಹಾಕಿದ ಪೀಠದಲ್ಲಿ ಮಗ ಇದ್ದರು. ದೊಡ್ಡ ಕುಟುಂಬಗಳ ಸಣ್ಣ ಲೋಕ ಇದು, ಅದನ್ನೂ ಗಮನಿಸಬೇಕು.

ವೆಂಕಟರಾಮಯ್ಯ ಬರೆದ ಎರಡು ತೀರ್ಪು ನನ್ನಂಥವನಿಗೆ ತುಂಬಾ ಹತ್ತಿರ, ಯಾಕೆಂದರೆ ಎರಡರಲ್ಲೂ ವಿಷಯ ದುಡ್ಡು. ಮೊದಲನೆಯದು 1984ರ ಡಿಸೆಂಬರ್‌ನ ಇಂಡಿಯನ್ ಎಕ್ಸ್‌ಪ್ರೆಸ್ ಕೇಸ್. ಪತ್ರಿಕೆ ಅಚ್ಚು ಹಾಕೋ ನ್ಯೂಸ್‌ಪ್ರಿಂಟ್ ಕಾಗದ ವಿದೇಶದಿಂದ ಬರಬೇಕಿತ್ತು. ಕೇಂದ್ರ ಸರ್ಕಾರ ಅದರ ಮೇಲೆ ಟನ್‌ಗೆ 550 ರೂಪಾಯಿ ಆಮದು ಸುಂಕ, ಅದರ ಮೇಲೆ 275 ರೂಪಾಯಿ ಸಹಾಯಕ ಸುಂಕ ಹಾಕಿತು. ಪತ್ರಿಕೆಗಳು ಕೋರ್ಟಿಗೆ ಹೋದವು. ಪತ್ರಿಕೆ ಅಂದ ಮಾತ್ರಕ್ಕೆ ತೆರಿಗೆ ಬೇಡ ಅಂತ ವೆಂಕಟರಾಮಯ್ಯ ಹೇಳಲಿಲ್ಲ, ಅದು ಉದ್ಯಮ, ತೆರಿಗೆ ಕಟ್ಟಬೇಕು ಅಂದರು. ಆದರೆ ಕಾಗದದ ಬೆಲೆ ಏರಿದರೆ ಪತ್ರಿಕೆ ಬೆಲೆ ಏರುತ್ತೆ, ಬೆಲೆ ಏರಿದರೆ ಕೊಳ್ಳೋರು ಕಮ್ಮಿ ಆಗ್ತಾರೆ, ಕೊಳ್ಳೋರು ಕಮ್ಮಿ ಆದರೆ ಜನಕ್ಕೆ ವಿಚಾರ ತಲುಪೋದು ನಿಲ್ಲುತ್ತೆ. ಸುದ್ದಿಯನ್ನು ಸೆನ್ಸಾರ್ ಮಾಡದೆ ಸುಂಕದಿಂದಲೇ ಕತ್ತು ಹಿಸುಕಬಹುದು ಅನ್ನೋದನ್ನು ಅವರು ಹಿಡಿದರು. 6 ತಿಂಗಳಲ್ಲಿ ಸುಂಕವನ್ನು ಮರುಪರಿಶೀಲಿಸಿ ಅಂತ ಸರ್ಕಾರಕ್ಕೆ ಆದೇಶ ಮಾಡಿದರು. ನನಗೆ ನ್ಯೂಸ್‌ಪ್ರಿಂಟ್ ಬೇಕಿಲ್ಲ, ನಿಮಗೆ ಡೇಟಾ ಇದ್ದರೆ ಸಾಕು. ಹಾಗಂತ ಲೆಕ್ಕ ಬದಲಾಗಿದೆಯಾ? ರೀಚಾರ್ಜ್ ದುಬಾರಿ ಆದ ತಿಂಗಳು ನಮ್ಮ ಕೇಳುಗರ ಸಂಖ್ಯೆ ಇಳಿಯೋದನ್ನು ನಾನು ಡ್ಯಾಶ್‌ಬೋರ್ಡ್‌ನಲ್ಲೇ ನೋಡ್ತೀನಿ.

ಎರಡನೆಯದು ಗಂಗಾ ನದಿ ಕೇಸ್. ಕಾನ್ಪುರದ ಜಾಜಮಾವಿನ ಚರ್ಮ ಹದ ಮಾಡುವ ಕಾರ್ಖಾನೆಗಳು ಕೊಳಕು ನೀರನ್ನು ನೇರ ನದಿಗೆ ಬಿಡ್ತಿದ್ದವು. ಶುದ್ಧೀಕರಣ ಘಟಕ ಹಾಕೋಕೆ ದುಡ್ಡಿಲ್ಲ ಅನ್ನೋ ವಾದ ಬಂತು. 1987ರ ಸೆಪ್ಟೆಂಬರ್ 22ರ ತೀರ್ಪಿನಲ್ಲಿ ಅವರು ಕೊಟ್ಟ ಉತ್ತರ, ಕಾಸ್ಟ್ ಅಕೌಂಟಿಂಗ್ ಓದಿದವರೆಲ್ಲ ಒಂದು ಸಲ ನೋಡಬೇಕು. ಕನಿಷ್ಠ ಕೂಲಿ ಕೊಡೋಕೆ ಆಗದ ಕಾರ್ಖಾನೆ ನಡೆಯೋ ಹಾಗಿಲ್ಲ ತಾನೆ? ಪ್ರಾಥಮಿಕ ಶುದ್ಧೀಕರಣ ಮಾಡೋಕೆ ಆಗದ ಕಾರ್ಖಾನೆಗೂ ಅದೇ ನಿಯಮ. ನದಿ ಕೆಡೋದು ಊರಿನವರ ಖರ್ಚಲ್ಲ, ನಿಮ್ಮ ಖರ್ಚು, ನಿಮ್ಮ ಪುಸ್ತಕದಲ್ಲೇ ಬರಬೇಕು. ಮುಂದಿನ ಜನವರಿಯಲ್ಲಿ ಇದೇ ವಿಷಯದ ಇನ್ನೊಂದು ತೀರ್ಪಿನಲ್ಲಿ, ಶಾಲೆಗಳಲ್ಲಿ ವಾರಕ್ಕೆ ಕನಿಷ್ಠ ಒಂದು ಗಂಟೆ ಪರಿಸರದ ಪಾಠ ಇರಬೇಕು ಅಂತ ಕೇಂದ್ರಕ್ಕೆ ಹೇಳಿದರು. ಶಾಲೆಯಿಂದ ಡಿಗ್ರಿವರೆಗೆ ನಾವು ನೀವು ಬೈಕೊಂಡು ಓದಿದ ಇವಿಎಸ್ ಪೇಪರ್ ಇದೆಯಲ್ಲ, ಅದರ ಬೇರುಗಳಲ್ಲಿ ಒಂದು ಅಲ್ಲಿದೆ.

ಹೀಗೆ ಕಾನೂನನ್ನು ಶಾಲೆ ಕೋಣೆಗೆ ಕಳಿಸಿದ ಜಡ್ಜ್ ಹೆಸರಿನ ಉಪನ್ಯಾಸ ಆಗುವುದು ಇಂಗ್ಲಿಷಿನಲ್ಲಿ, ಲಾ ಸ್ಟೂಡೆಂಟ್‌ಗಳ ಮುಂದೆ. ಯೂಟ್ಯೂಬ್‌ಗೆ ಬರುತ್ತೆ, ಸರಿ. ಇಂಗಲಗುಪ್ಪೆಯವರಿಗೆ ಯೂಟ್ಯೂಬ್ ಇದೆ, ಇಂಗ್ಲಿಷ್ ಇಲ್ಲ. 2019ರಿಂದ ಸುಪ್ರೀಂ ಕೋರ್ಟ್ ತೀರ್ಪುಗಳ ಕನ್ನಡ ಅನುವಾದ ಕೋರ್ಟಿನ ವೆಬ್‌ಸೈಟಿನಲ್ಲೇ ಸಿಗೋಕೆ ಶುರುವಾಗಿದೆ, ಕನ್ನಡ ಸ್ವಲ್ಪ ಬಿಗಿ, ಆದರೂ ಇದೆ. ಭಾಷಣಕ್ಕೆ ಆ ಭಾಗ್ಯ ಇಲ್ಲ. ಕನ್ನಡಕ್ಕೆ ತಲುಪೋದು 40 ಸೆಕೆಂಡ್ ಮಾತ್ರ, ಆ 40 ಸೆಕೆಂಡನ್ನು ಯಾರು ಕತ್ತರಿಸಿದರು ಅನ್ನೋದರ ಮೇಲೆ ಒಬ್ಬ ಹೆಣ್ಣುಮಗಳು ಪೊಲೀಸ್ ಸ್ಟೇಷನ್‌ಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡ್ತಾಳೆ. ಸಂಘಟಕರು ಭಾಷಣದ ಒಂದು ಪುಟದ ಕನ್ನಡ ಸಾರಾಂಶ ಹಾಕಿದರೆ ಎಷ್ಟು ಖರ್ಚಾಗುತ್ತೆ? ಕಾರ್ಯಕ್ರಮದ ಕಾಫಿ ತಿಂಡಿಗಿಂತ ಕಮ್ಮಿ.

ಇನ್ನೊಂದು ಕಡೆಯಿಂದಲೂ ನೋಡಬೇಕು. ವೇದಿಕೆ ಮೇಲೆ ಚೆನ್ನಾಗಿ ಮಾತಾಡೋದು ಸುಲಭ, ಎದುರು ಪಾರ್ಟಿ ವಕೀಲರು ಇರಲ್ಲ. ಅದಕ್ಕೆ ಭಾಷಣ ಕೇಳಿದ ಮೇಲೆ ನಾನು ಹುಡುಕೋದು, ಇದೇ ವಿಷಯ ಇವರ ಕೋರ್ಟಿಗೆ ಬಂದಾಗ ಏನಾಯ್ತು ಅಂತ.

ಹೊಸ್ತಿಲ ಒಳಗಿನ ಕಾನೂನಿನ ಅತಿ ದೊಡ್ಡ ಪ್ರಶ್ನೆ ಯಾವುದು? ಹೆಂಡತಿ ಬೇಡ ಅಂದರೂ ಗಂಡ ಬಲವಂತ ಮಾಡಿದರೆ ಅದು ಅತ್ಯಾಚಾರವಾ? ಹೆಂಡತಿ ವಯಸ್ಕಳಾಗಿದ್ದರೆ ಅಲ್ಲ ಅನ್ನುತ್ತೆ ಹಳೇ ಐಪಿಸಿ, ಹೊಸ ಸಂಹಿತೆಯ 63ನೇ ಸೆಕ್ಷನ್ ಕೂಡ ಆ ವಿನಾಯಿತಿ ಉಳಿಸಿಕೊಂಡಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಗಂಡ ಆದ ಮಾತ್ರಕ್ಕೆ ವಿನಾಯಿತಿ ಇಲ್ಲ ಅಂತ ಒಂದು ಕೇಸಿನಲ್ಲಿ ವಿಚಾರಣೆ ಮುಂದುವರಿಯಲು ಬಿಟ್ಟರು. ಆ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ಜಡ್ಜ್‌ಗಳು ಇದೇ ಪ್ರಶ್ನೆಗೆ ಎರಡು ಬೇರೆ ಉತ್ತರ ಕೊಟ್ಟಿದ್ದರು. ಎಲ್ಲ ಸೇರಿ ಸುಪ್ರೀಂ ಕೋರ್ಟಿಗೆ ಬಂತು. 2024ರ ಅಕ್ಟೋಬರ್‌ನಲ್ಲಿ ವಿಚಾರಣೆ ಶುರು ಮಾಡಿದ್ದು ಯಾರು? ಬೆಂಗಳೂರಿನಲ್ಲಿ ಆ ಉಪನ್ಯಾಸ ಕೊಟ್ಟ ಚಂದ್ರಚೂಡ್ ಅವರ ಪೀಠವೇ. ವಕೀಲರು ವಾದಕ್ಕೆ ಒಬ್ಬೊಬ್ಬರೂ ಒಂದೊಂದು ದಿನ ಕೇಳಿದರು. ನವೆಂಬರ್ 10ಕ್ಕೆ ಅವರ ನಿವೃತ್ತಿ. ಅಷ್ಟರಲ್ಲಿ ಮುಗಿಯಲ್ಲ ಅಂತ ಅಕ್ಟೋಬರ್ 23ರಂದು ಕೇಸನ್ನು ನಾಲ್ಕು ವಾರ ಮುಂದೂಡಿ, ಬೇರೆ ಪೀಠಕ್ಕೆ ಬಿಟ್ಟರು.

ಭಾಷಣದ ಪೂರ್ತಿ ವಿಡಿಯೋ ಯೂಟ್ಯೂಬ್‌ನಲ್ಲಿ ಇದೆ, ವೆಂಕಟರಾಮಯ್ಯ ಅವರ ಹೆಸರು ಹಾಕಿ ಹುಡುಕಿ. ಕ್ಲಿಪ್ ಬಂದರೆ ಮೊದಲು ಹಿನ್ನೆಲೆ ನೋಡಿ: ಜಡ್ಜ್ ಪೀಠದ ಮೇಲೆ ಕೂತಿದ್ದಾರಾ, ಪೋಡಿಯಂ ಹಿಂದೆ ನಿಂತಿದ್ದಾರಾ ಅಂತ. ಮುಂದಿನ ವಾರ ಬಾಡಿಗೆ ಮನೆಯ ಅಡ್ವಾನ್ಸ್ ವಿಚಾರ, ತುಂಬಾ ಜನ ಕೇಳಿದ್ದೀರ. ಸಿಗೋಣ.